ಕೂಟಲಿಂಕ್ ಲಕ್ಷಣ: ಬೆಳಗೊಳದ ಶಾಸನಪದ್ಧತಿಯಲ್ಲಿ ಒಂದು ವಿವೇಚನೆ

ನಿರೂಪಣೆ: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಹೊರಡಿಸುವ ಮೊಬೈಲ್ ಶಾಸನವೇ ಕೂಟಲಿಂಕ್ ('ಕೂಟ' ಎಂದರೆ ಕೃತಕ). ಈ ಕುಲ ಹೊಸದಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವು ಕೃತಕವೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ 19ನೇ ಶತಮಾನದಲ್ಲೇ ವಾದ ಹೂಡಿದ್ದರು. ಸಂಖ್ಯೆಯಲ್ಲಾದರೋ ಲಿಂಕಿನದೇ ಮೇಲುಗೈ: ಶ್ರವಣಬೆಳಗೊಳದ ಶಾಸನಸಂಪುಟ 1889ರಲ್ಲಿ 144 ಶಾಸನಗಳಿಂದ ಆರಂಭವಾಗಿ 1973ರ ಪರಿಷ್ಕರಣೆಯಲ್ಲಿ 573ಕ್ಕೆ ಮುಟ್ಟಿತು. ಅಷ್ಟು ಲಿಂಕು ಕೂಡಿಹಾಕಲು ಚನ್ನರಾಯಪಟ್ಟಣದ ಯಾವ ವಾಟ್ಸಾಪ್ ಗ್ರೂಪಿಗೂ 84 ವರ್ಷ ಬೇಕಾಗದು.

ಅಂಗಗಳು: 'ಪ್ರಿಯ ಗ್ರಾಹಕರೇ' ಎಂಬುದು ಮಂಗಳಾಚರಣೆ. 'ನೀವು ಆಯ್ಕೆಯಾಗಿದ್ದೀರಿ' ಎಂಬುದು ಪ್ರಶಸ್ತಿ. ಬಹುಮಾನವೇ ದತ್ತಿ. 'ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್' ಎಂಬುದು ಶಾಪಾಶಯ. ಕಲ್ಲಿನ ಶಾಪ ದತ್ತಿ ಕೆಡಿಸಿದವರಿಗೆ ತಟ್ಟುತ್ತದೆ. ಮೊಬೈಲಿನದು ದತ್ತಿ ಬೇಡವೆಂದವರಿಗೆ. ಕಲ್ಲಿನ ದತ್ತಿ ಆಚಂದ್ರಾರ್ಕ ಸ್ಥಾಯಿ. ಲಿಂಕು ಎಷ್ಟೋ ಸಲ ಸಂಜೆಯೊಳಗೆ ಮಾಯ.

ಪರೀಕ್ಷೆ: ವಿಂಧ್ಯಗಿರಿಯ ಗೊಮ್ಮಟನನ್ನು ಮಾಡಿಸಿದವರು ಯಾರೆಂಬುದು ಮುಖ ನೋಡಿದರೆ ತಿಳಿಯದು, ಚಾವುಂಡರಾಯನ ಹೆಸರು ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿದೆ. ಲಿಂಕಿನ ಒಡೆಯನನ್ನೂ ಬುಡದಲ್ಲೇ ಹುಡುಕಬೇಕು. 'ಜಿಒವಿ.ಇನ್.ಬಹುಮಾನ.ಟಾಪ್/ಕಿಸಾನ್' ಎಂಬ ವಿಳಾಸದಲ್ಲಿ ಓರೆಗೀಟಿನ ಎಡಕ್ಕೆ ತಾಗಿಕೊಂಡೇ ಇರುವ 'ಬಹುಮಾನ.ಟಾಪ್' ನಿಜವಾದ ಒಡೆಯ. ಮೊದಲಿಗೆ ಮೆರೆಯುವ 'ಜಿಒವಿ.ಇನ್' ಬರೀ ಬಿರುದು. 'ಓ' ಇರಬೇಕಾದಲ್ಲಿ ಸೊನ್ನೆ ಕೂತಿದ್ದರೆ ಲಿಪಿದೋಷವೆಂದು ತಿಳಿಯಬೇಕು. ಬೀಗದ ಚಿಹ್ನೆ ದಾರಿ ಭದ್ರವೆಂದಷ್ಟೇ ಹೇಳುತ್ತದೆ, ದಾರಿಯ ತುದಿಯಲ್ಲಿ ಕೂತವನು ಸಜ್ಜನನೆಂದಲ್ಲ. ಮದುವೆ ಕರೆಯೋಲೆಯ ಫೈಲು '.ಎಪಿಕೆ' ಎಂದು ಮುಗಿದರೆ ಅದು ಆ್ಯಪ್. ಇನ್‌ಸ್ಟಾಲ್ ಆದರೆ ಮೆಸೇಜು ಓದಿ ಒಟಿಪಿ ಕದಿಯಬಲ್ಲದು. ಅಂಥ ಮದುವೆಗೆ ಮುಯ್ಯಿ ಖಾತೆಯಿಂದಲೇ ಹೋಗುತ್ತದೆ.

ಪ್ರಾಯಶ್ಚಿತ್ತ: ಒತ್ತುವ ಮೊದಲು ಪಾಸ್‌ಬುಕ್ ಅಥವಾ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸುವುದು ಉತ್ತಮ ಪಕ್ಷ. ಒತ್ತಿಯಾಗಿದ್ದರೆ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ತಡೆಸುವುದು ಮಧ್ಯಮ. 'ಮನೆಯವರಿಗೆ ಗೊತ್ತಾದರೆ ಬೈತಾರೆ' ಎಂದು ಬಾಯಿ ಮುಚ್ಚಿಕೊಂಡಿರುವುದು ಅಧಮ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿರುತ್ತದೆ. ಮೆಸೇಜನ್ನು ಅಳಿಸಬಾರದು, ಅದು ಸಾಕ್ಷಿ. ಹಣ ಹೋದ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.