ಅಳಿಯನ ಗಿಟಾರು, ಮೋಟಾರ್ ಅಂಗಡಿ

ಬೆಳ್ಳಟ್ಟಿ ಕಡೆ ವೈಂಡಿಂಗ್ ಅಂದರೆ ಬೋರ್‌ವೆಲ್ ಮೋಟಾರು. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದಷ್ಟೂ ಅಂಗಡಿಗೆ ಕಳೆ. ಅಂಥಲ್ಲಿಗೆ ಬೆಂಗಳೂರಿನ ಅಳಿಯನೊಬ್ಬ ಬೇಸ್ ಗಿಟಾರಿನ ಸತ್ತ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಕಾಯಿಲ್, ತಂದನೆನ್ನಿ. ಮೊದಲ ಪ್ರಶ್ನೆಯೇ, "ಎಷ್ಟು ಎಚ್‌ಪಿದೈತ್ರೀ ಅಳಿಯಂದ್ರ?"

ಎಚ್‌ಪಿ ಸೊನ್ನೆ, ಸುತ್ತು ಮಾತ್ರ ಹತ್ತು ಸಾವಿರದ ಆಸುಪಾಸು. ತಂತಿ 42 ಗೇಜು ಎನ್ನುತ್ತಾರೆ ಬಲ್ಲವರು. ಆದರೆ ಅದು ಅಮೆರಿಕದ ಲೆಕ್ಕ, ದಪ್ಪ ಸುಮಾರು 0.063 ಮಿ.ಮೀ. ನಮ್ಮ ಅಂಗಡಿಗಳದು ಬ್ರಿಟಿಷರು ಬಿಟ್ಟುಹೋದ ಲೆಕ್ಕ. ಇಲ್ಲಿ 42 ಕೇಳಿದರೆ 0.1 ಮಿ.ಮೀ. ತಂತಿ ಕೊಡುತ್ತಾರೆ, ಅರ್ಧ ಸುತ್ತುವಷ್ಟರಲ್ಲಿ ಬಾಬಿನ್ ತುಂಬಿ ಹೊರಚೆಲ್ಲುತ್ತದೆ. ಕೇಳಬೇಕಾದ್ದು 46. ಅದನ್ನೂ ಮೋಟಾರಿನ ತಂತಿ ಜಗ್ಗಿದ ಕೈಯಿಂದ ಜಗ್ಗಿದರೆ ಪಟ್ಟನೆ ತುಂಡು. ಸುತ್ತುವಾಗ ಫ್ಯಾನು ಬಂದ್, ಹರಟೆಯೂ ಬಂದ್. ಎರಡನೆಯದೇ ಕಷ್ಟ.

ಇನ್ನು ವಾಲ್ಯೂಮ್ ಪಾಟ್. ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಜೋಡಿ ಕಾಯಿಲಿನ ಹಂಬಕರ್‌ಗೆ 500 ವಾಡಿಕೆ. ಕಿಲೋಓಮ್ ಹೆಚ್ಚಿದಷ್ಟೂ ಸದ್ದು ಚುರುಕು, ಇಳಿದಷ್ಟೂ ಮಂದ. ಡ್ರಾಯರಿನಲ್ಲಿ ಸಿಕ್ಕಿತೆಂದು ಭಜನಾ ಆಂಪ್ಲಿಫೈಯರಿನ 10 ಕಿಲೋಓಮ್ ಹಾಕಿದರೋ, ಬೇಸು ಕಂಬಳಿ ಹೊದ್ದು ಗೊಣಗಿದ ಹಾಗೆ.

ಕೆಲಸವೇನೋ ಮುಗಿಯುತ್ತದೆ. ಮಾಲೀಕರು ಪಿಕಪ್ಪನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ: "ಬಿಲ್ ತೂಕದ ಮ್ಯಾಲ ಹಾಕ್ಲ್ಯೋ, ಸುತ್ತಿನ ಮ್ಯಾಲ ಹಾಕ್ಲ್ಯೋ?"