ಬಿಳಿ ಪಂಚೆಯ ಉಣುಗು ಗಣತಿ

ಸಂಕ್ರಾಂತಿ ಕಳೆದು ಬೆಟ್ಟದ ಒಣ ಎಲೆಯ ದರಗು ಗುಡಿಸುವ ಕಾಲ ಬಂತೆಂದರೆ ನಮ್ಮ ಭಾರಂಗಿ ಹೋಬಳಿಯ ಮನೆಗಳಲ್ಲಿ ದಾಂಪತ್ಯಕ್ಕೆ ಹೊಸ ಕಳೆ ಬರುತ್ತದೆ. ಬೆಟ್ಟದಿಂದ ಬಂದ ಗಂಡ ಬಚ್ಚಲಮನೆ ಬಾಗಿಲಲ್ಲಿ ಅಂಗಿ ಬಿಚ್ಚಿ ನಿಲ್ಲುತ್ತಾನೆ. ಹೆಂಡತಿ ಕನ್ನಡಕ ಏರಿಸಿ, ಟಾರ್ಚು ಹಿಡಿದು ಅವನ ಬೆನ್ನು, ಕಂಕುಳು, ಕಿವಿಯ ಹಿಂದುಗಡೆಯನ್ನೆಲ್ಲ ಶೋಧಿಸುತ್ತಾಳೆ. ವರ್ಷದ ಉಳಿದ ತಿಂಗಳಲ್ಲಿ ನನ್ನನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡುವುದಿಲ್ಲ. "ಇದು ಮಚ್ಚೆಯೋ, ಉಣುಗೋ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಉಗುರಿನಲ್ಲಿ ಕೆರೆದು ನೋಡುತ್ತಾಳೆ. ಮಚ್ಚೆಯಾದರೆ ನನಗೆ ನೋವು, ಉಣುಗಾದರೆ ಅವಳಿಗೆ ಗೆಲುವು.

ನಮ್ಮ ಮನೆಯಲ್ಲಿ ಉಣುಗು ಒಂದೇ ಜಾತಿಯದಲ್ಲ. ನಾಯಿಯದು ಬೇರೆ. ಅದು ಅಪ್ಪಟ ಗೃಹಸ್ಥ. ನಮ್ಮ ನಾಯಿ ಕಾಳುವಿನ ಕಿವಿಯಿಂದ ಹೊಟ್ಟೆ ತುಂಬಿಸಿಕೊಂಡು ಇಳಿದದ್ದು ಕಾಡಿನ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಜಗುಲಿಯ ಗೋಡೆ ಹತ್ತುತ್ತದೆ. ಅಜ್ಜನ ಫೋಟೋದ ಹಿಂದೆ, ಸ್ವಿಚ್‌ಬೋರ್ಡಿನ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಬೇಸಿಗೆಯಲ್ಲಿ ಅಜ್ಜನ ಫೋಟೋ ಇಳಿಸಿದಾಗ ಅವರಿಗಿದ್ದ ಮೊಮ್ಮಕ್ಕಳ ಸಂಖ್ಯೆ ನೋಡಿ ಇಡೀ ಮನೆ ಬೆಚ್ಚಿತು. ದನದ್ದು ಇನ್ನೊಂದು ಬಗೆ. ಬೆಕ್ಕಿನ ಚಾಪೆಯಲ್ಲಿ ನೆಗೆಯುವ ಚಿಗಟವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಕಚ್ಚುತ್ತದೆ, ನಾವು ಕೆರೆದುಕೊಳ್ಳುತ್ತೇವೆ, ವ್ಯವಹಾರ ಅಲ್ಲಿಗೆ ಮುಗಿಯಿತು. ಭಯ ಇರುವುದು ಕಾಡಿನ ಉಣುಗಿನದು. ಕಣ್ಣಿಗೆ ಸಿಕ್ಕರೆ ಎಳ್ಳಿಗಿಂತ ಚಿಕ್ಕದು, ಸಿಗದಿದ್ದರೆ ಇಲ್ಲವೇ ಇಲ್ಲ.

ಯುದ್ಧದ ಮೊದಲ ಕಾಂಡಗಳನ್ನು ಬೇಗ ಮುಗಿಸುತ್ತೇನೆ. ಕಾಳುವಿಗೆ ಪಶುವೈದ್ಯರು ಕೊಟ್ಟ ಔಷಧಿ ನೀರಿನಲ್ಲಿ ಸ್ನಾನ ಮಾಡಿಸಿದೆ. ಅದು ಮೈ ಕೊಡವಿದ್ದರಿಂದ ನನಗೂ ಆಯಿತು. ಕೊಟ್ಟಿಗೆಗೆ ಲಕ್ಕಿಸೊಪ್ಪಿನ ಹೊಗೆ ಹಾಕಿದೆ; ದನ ಕೆಮ್ಮಿತು, ಉಣುಗು ಕೆಮ್ಮಲಿಲ್ಲ. ಕವಳದ ಸಂಚಿಯ ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಎಲ್ಲ ಆಯಿತು. ಕಚ್ಚಿದ ಉಣುಗಿಗೆ ಇದ್ಯಾವುದನ್ನೂ ಹಚ್ಚಕೂಡದು, ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲೆತ್ತಿ ತೆಗೆದು ಸೋಪು ಹಾಕಿ ತೊಳೆಯಬೇಕು, ಬೆರಳಲ್ಲಿ ಹೊಸಕಬಾರದು ಎಂದು ಆರೋಗ್ಯ ಇಲಾಖೆಯವರು ಹೇಳಿ ಹೇಳಿ ಸೋತಿದ್ದಾರೆ. ಕೋಳಿ ಉಣುಗು ತಿನ್ನುತ್ತದೆ ಎಂದು ಎಲ್ಲೋ ಓದಿ, ಕೆಳಕೇರಿಯಿಂದ ನಾಲ್ಕು ಕೋಳಿಗಳನ್ನು ಹಗಲು ಪಾಳಿಗೆ ಕಡ ತಂದೆ. ಅಮ್ಮ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅದರಲ್ಲೊಂದು ತುಳಸಿಕಟ್ಟೆಯ ಮೇಲೆ ಮೊಟ್ಟೆ ಇಟ್ಟಿತು. ಆ ಮೊಟ್ಟೆ ಯಾರಿಗೆ ಸೇರಬೇಕು ಎಂಬ ಚರ್ಚೆಯೂ ಆಗದಂತೆ ಕೋಳಿಗಳನ್ನು ಸಂಜೆಯೊಳಗೆ ವಾಪಸು ಬಿಟ್ಟು ಬಂದೆ.

ಇಂಥ ಹೊತ್ತಿನಲ್ಲೇ ಬೆಂಗಳೂರಿನ ಭಾವನಿಗೆ ಉಪದೇಶ ಹುಟ್ಟುತ್ತದೆ. "ಪೆಸ್ಟ್ ಕಂಟ್ರೋಲ್ ಮಾಡ್ಸು ಮಾರಾಯ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದೇ ಸಲಕ್ಕೆ ಕ್ಲೀನ್" ಎಂದು ನಂಬರನ್ನೂ ಕೊಟ್ಟ. ಫೋನಿನ ಆಚೆಯ ಹುಡುಗ ಬಲು ವಿನಯವಂತ. "ಸರ್, ಗಾರ್ಡನ್ ಏರಿಯಾ ಎಷ್ಟು ಸ್ಕ್ವೇರ್ ಫೀಟ್?" ಎಂದ. ನಾನು ಜಗುಲಿಯಲ್ಲಿ ನಿಂತು ಪ್ರಾಮಾಣಿಕವಾಗಿ ಅಳೆಯಲು ಹೊರಟೆ. ಅಂಗಳ ಮುಗಿದಲ್ಲಿ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಗೊಬ್ಬರಗುಂಡಿ, ಅಲ್ಲಿಂದ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಕಾಡು, ಕಾಡಿನಾಚೆ ಶರಾವತಿಯ ಕಣಿವೆ. ನಡುವೆ ಎಲ್ಲೂ ಬೇಲಿ ಇಲ್ಲ, ಇದ್ದ ಕಡೆ ದನಕ್ಕೂ ಮಂಗಕ್ಕೂ ಅದರ ಅರಿವಿಲ್ಲ. "ಗೇರುಸೊಪ್ಪೆಯವರೆಗೆ ಅಂತ ಬರ್ಕೊಳ್ಳಿ" ಎಂದೆ. ಆ ಹುಡುಗ ಮತ್ತೆ ಫೋನು ಮಾಡಲಿಲ್ಲ.

ಈ ನಡುವೆ ನಮ್ಮೂರ ಶಾಲೆಯಲ್ಲಿ ಮಂಗನ ಕಾಯಿಲೆಯ ತಿಳಿವಳಿಕೆ ಸಭೆ ಇತ್ತು. ಬಂದಿದ್ದ ತರುಣ ಪುಸ್ತಕ ನೋಡದೆ ಮಾತಾಡಿದ್ದೇ ನನಗೆ ಹಿಡಿಸಿತು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ಹಳ್ಳಿಯವರಿಗೂ ಜ್ವರ ಬಂದದ್ದು, ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದದ್ದು, ಕೊನೆಗೆ ರಷ್ಯಾದ ಕಾಡುಗಳ ಉಣುಗಿನ ಜ್ವರಕ್ಕೆ ದಾಯಾದಿಯಾದ ಹೊಸ ವೈರಸ್ಸು ಸಿಕ್ಕಿದ್ದು ಎಲ್ಲ ಹೇಳಿದ. ಆ ವೈರಸ್ಸನ್ನು ಹೊರುವ ನಮ್ಮ ಕಾಡಿನ ಉಣುಗಿಗೆ ಇಡೀ ಜೀವಮಾನದಲ್ಲಿ ಮೂರೇ ಊಟವಂತೆ. ಆರು ಕಾಲಿನ ಮರಿಯಾಗಿದ್ದಾಗ ಒಂದು, ಎಂಟು ಕಾಲು ಬಂದ ಮೇಲೆ ಒಂದು, ಬಲಿತಾಗ ಒಂದು. ಪ್ರತಿ ಊಟಕ್ಕೂ ಬೇರೆ ಪ್ರಾಣಿ, ನಡುವೆ ನೆಲವಾಸ. ಡಿಸೆಂಬರಿನಿಂದ ಮೇವರೆಗೆ ಎರಡನೇ ಊಟದ ಪಂಕ್ತಿ. ನಾವು ಬಲಿ ಬೀಳುವುದು ಅದಕ್ಕೇ. ಎಲೆಯ ತುದಿಯಲ್ಲಿ ಮುಂಗಾಲು ಎತ್ತಿ ಕಾಯುತ್ತಿರುತ್ತದಂತೆ. ಮೂಗಿಲ್ಲ, ಆ ಮುಂಗಾಲಲ್ಲೇ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ ಎರಡೂ ಅದಕ್ಕೆ ಗೊತ್ತಾಗುತ್ತದೆ.

"ಕಾಡಲ್ಲಿ ಎಷ್ಟಿವೆ ಅಂತ ಹೇಗೆ ನೋಡ್ತೀರಿ?" ಎಂದು ಯಾರೋ ಕೇಳಿದರು. ಅವನು ಹೇಳಿದ: ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ ಮೇಲೆ ನಿಧಾನ ಎಳೆಯುತ್ತ ಹೋಗುವುದು. ಪ್ರಾಣಿಯೆಂದುಕೊಂಡು ಉಣುಗು ಅದಕ್ಕೆ ಹತ್ತುತ್ತದೆ. ಆಗಾಗ ನಿಂತು, ಬಟ್ಟೆ ತಿರುಗಿಸಿ, ಹೆಕ್ಕಿ ಸ್ಪಿರಿಟ್ಟಿನ ಬಾಟಲಿಗೆ ಹಾಕುವುದು.

ಸಭೆಯಲ್ಲಿದ್ದವರೆಲ್ಲ ಚಹ ಕುಡಿದು ಮನೆಗೆ ಹೋದರು. ನನಗೆ ಮಾತ್ರ ಜನ್ಮದ ಕರೆ ಬಂದಂತಾಗಿತ್ತು.

ಮನೆಯಲ್ಲಿ ಫ್ಲಾನೆಲ್ ಇರಲಿಲ್ಲ. ಹಾಸಿಗೆಯ ಚಾದರ ಕೇಳಿದ್ದಕ್ಕೆ ಹೆಂಡತಿ ಚಾದರವನ್ನಲ್ಲ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಗ ನೆನಪಾದದ್ದು ಟ್ರಂಕಿನ ತಳದ ಮದುವೆ ಪಂಚೆ. ಮಾವನವರು ಕೊಟ್ಟದ್ದು, ಹಾಲುಬಿಳಿ, ಎರಡು ಬೆರಳಗಲ ಜರಿ ಅಂಚು. ಮರುದಿನ ಬೆಳಗಿನ ಕಾಫಿಗೆ ಮೊದಲೇ ಅದರ ಒಂದು ಅಂಚನ್ನು ಮುರಿದ ದೋಟಿಯ ತುಂಡಿಗೆ ಸುತ್ತಿ, ಹಗ್ಗ ಕಟ್ಟಿದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಗಮ್‌ಬೂಟು ತೊಟ್ಟು, ಆಶಾ ಕಾರ್ಯಕರ್ತೆ ಕೊಟ್ಟಿದ್ದ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಗೆ ಕುತ್ತಿಗೆಗೆ ಧಾರಾಳ ಬಳಿದುಕೊಂಡೆ. ಸ್ಪಿರಿಟ್ಟು ಹಾಕಲು ಸಣ್ಣ ಬಾಟಲಿ ಬೇಕಿತ್ತಲ್ಲ. ಜೋಗ ನೋಡಲು ಬಂದ ಪುಣ್ಯಾತ್ಮರು ನಮ್ಮ ತೋಟದ ದರೆಗೆ ಎಸೆದುಹೋದ ಕ್ವಾರ್ಟರ್ ಬಾಟಲಿಗಳಿಗೇನು ಬರ? ಒಂದನ್ನು ತೊಳೆದು ಒಳ್ಳೆ ಕೆಲಸಕ್ಕೆ ಹಚ್ಚಿದೆ.

ಹಿತ್ತಿಲಿನಿಂದ ಎಳೆಯಲು ಶುರು. ಹಿಂದೆ ತಿರುಗಿ ನೋಡುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ. ಪಂಚೆ ಸರಸರ ಎನ್ನುತ್ತ ದರಗಿನ ಮೇಲೆ ಬಂತು. ವಿಜ್ಞಾನ ಇಷ್ಟು ಸುಲಭವೆಂದು ಗೊತ್ತಿರಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಹಗ್ಗ ಭಾರವಾಯಿತು. ತಿರುಗಿದರೆ ಕಾಳು ಪಂಚೆಯ ನಟ್ಟನಡುವೆ ಮುಂಗಾಲು ಜೋಡಿಸಿ ಗಂಭೀರವಾಗಿ ಕೂತಿದೆ. ಎಳೆದೆ, ಬಂತು. ಬೈದೆ, ಬಾಲ ಅಲ್ಲಾಡಿಸಿತು. ಇಳಿಸಿದೆ, ಮುಂದಿನ ಸ್ಟಾಪಿನಲ್ಲಿ ಮತ್ತೆ ಹತ್ತಿತು. ಕಾಡಿನ ಗಣತಿಯಲ್ಲಿ ನಾಯಿಯ ಉಣುಗು ಸೇರಿದರೆ ಲೆಕ್ಕ ಕೆಡುತ್ತದೆಂದು ನಾನು ಅದಕ್ಕೆ ವಿವರಿಸುತ್ತಿರುವಾಗ ಕೊಟ್ಟಿಗೆಯಿಂದ ಬಿಚ್ಚಿಕೊಂಡ ಕರು ಬಂದು ಇನ್ನೊಂದು ಅಂಚು ಬಾಯಿಗೆ ಹಾಕಿಕೊಂಡಿತು. ಒಂದು ಕಡೆ ನಾನು, ಇನ್ನೊಂದು ಕಡೆ ಕರು, ನಡುವೆ ನಾಯಿ. ಮಾವನವರು ಕೊಟ್ಟ ಪಂಚೆ ನೆಲದಿಂದ ಮೇಲೆದ್ದು ಬಿಗಿಯಿತು. ಕಾಳು ಉರುಳಿ ಬಿದ್ದು, ತಪ್ಪು ನನ್ನದೇ ಎಂಬ ಮುಖ ಮಾಡಿತು.

ಸರಿಯಾಗಿ ಅದೇ ಗಳಿಗೆಗೆ ಸಾಗರಕ್ಕೆ ಹೋಗುವ ಬೆಳಗಿನ ಬಸ್ಸು ಬಂತು. ನಮ್ಮ ಹಿತ್ತಿಲು ರಸ್ತೆಯ ತಿರುವಿಗಿಂತ ಎತ್ತರದಲ್ಲಿದೆ, ಕಿಟಕಿಯಲ್ಲಿ ಕೂತವರಿಗೆ ಯಕ್ಷಗಾನದ ರಂಗಸ್ಥಳ ಕಂಡಷ್ಟೇ ಸ್ಪಷ್ಟ ಕಾಣುತ್ತದೆ. ಸದಾ ಮುನ್ನುಗ್ಗುವ ಡ್ರೈವರು ಅವತ್ತು ಬ್ರೇಕು ಒತ್ತಿದ. ಕಂಡಕ್ಟರು ಬಾಗಿಲಿಂದ ಅರ್ಧ ಹೊರಬಂದು, "ಹೆಗಡೇರೇ, ಎಂತ ಕಳೀತು?" ಎಂದ.

"ಏನೂ ಕಳೀಲಿಲ್ಲ, ಉಣುಗು ಲೆಕ್ಕ ಮಾಡ್ತಿದೀನಿ" ಎಂದೆ. ಉತ್ತರ ಸತ್ಯವೇ. ಆದರೆ ಒಂದು ಕೈಯಲ್ಲಿ ಜರಿ ಪಂಚೆಯ ಹಗ್ಗ, ಇನ್ನೊಂದರಲ್ಲಿ ಕ್ವಾರ್ಟರ್ ಬಾಟಲಿ ಹಿಡಿದು ಬೆಳಬೆಳಿಗ್ಗೆ ಎಣ್ಣೆ ಬಳಿದುಕೊಂಡು ನಿಂತವನು ಯಾವ ಸತ್ಯ ಹೇಳಿದರೂ ಅದಕ್ಕೆ ಬೆಲೆ ಇರುವುದಿಲ್ಲ. ಬಸ್ಸಿನೊಳಗೆ ಒಂದು ಕ್ಷಣ ಪೂರ್ತಿ ಮೌನ. ಆಮೇಲೆ ಹಿಂದಿನ ಸೀಟಿನಿಂದ ಯಾರೋ, "ಪಾಪ, ಒಳ್ಳೆ ಮನೆತನ" ಎಂದದ್ದು ನನಗೆ ಕೇಳಿಸುವಷ್ಟು ಜೋರಾಗಿಯೇ ಇತ್ತು. ಬಸ್ಸು ತಾಳಗುಪ್ಪ ಮುಟ್ಟುವ ಹೊತ್ತಿಗೆ ನಾನು ಕುಡಿತಕ್ಕೆ ಬಿದ್ದಿದ್ದೆ, ಸಾಗರ ಮುಟ್ಟುವಾಗ ಆಸ್ತಿ ಪಾಲಾಗಿತ್ತು. ಸಂಜೆಯ ಬಸ್ಸಿಗೆ ವಾಪಸು ಬಂದ ಪಾಠಾಂತರದಲ್ಲಿ ಚೌಡಿಗೆ ಹೇಳಿಕೊಂಡ ಹರಕೆ ತಪ್ಪಿದ್ದರಿಂದ ಹೆಗಡೇರ ಮಗ ಪಂಚೆ ಎಳೆಯುವ ಸೇವೆ ಮಾಡುತ್ತಿದ್ದಾನೆ ಎಂದಿತ್ತು. ಅಮ್ಮನಿಗೆ ಈ ಕೊನೆಯದು ಬಹಳ ಸಮಾಧಾನ ಕೊಟ್ಟಿತು. ಕೋಳಿಗಿಂತ ಎಷ್ಟೋ ವಾಸಿ ಎಂದು ಅವಳ ಅಭಿಪ್ರಾಯ.

ಉಣುಗು ಸಿಕ್ಕಿತೇ ಎಂದರೆ, ಸಿಕ್ಕಿತು. ಪಂಚೆ ತಿರುಗಿಸಿ ಬಿಸಿಲಿಗೆ ಹಿಡಿದಾಗ ಬಿಳುಪಿನ ಮೇಲೆ ಕಪ್ಪು ಚುಕ್ಕೆಗಳು. ನೋಡುತ್ತ ನಿಂತರೆ ಚುಕ್ಕೆ ಹೊರಡುತ್ತದೆ. ತಾನು ಹತ್ತಿದ್ದು ಪ್ರಾಣಿಯಲ್ಲ ಎಂದು ಗೊತ್ತಾಗಿ, ನನ್ನ ಉಸಿರು ಬಂದ ಕಡೆ ಮುಂಗಾಲು ಎತ್ತುತ್ತದೆ. ಅಂಗಳದ ಗುಡಿಸಿದ ಭಾಗದಲ್ಲಿ ಒಂದೂ ಇಲ್ಲ. ಗೊಬ್ಬರಗುಂಡಿಯ ಹತ್ತಿರ ಒಂದೆರಡು. ಕೊಟ್ಟಿಗೆಗೆ ಹಾಸಲೆಂದು ಬೆಟ್ಟದಿಂದ ತಂದು ಒಟ್ಟಿದ್ದ ದರಗಿನ ರಾಶಿಯ ಸುತ್ತ ಬೆರಳು ಮಡಚಿ ಎಣಿಸುವುದನ್ನೇ ಬಿಟ್ಟೆ. ನಾವೇ ಕಲ್ಲಿಯಲ್ಲಿ ತುಂಬಿ, ತಲೆಮೇಲೆ ಹೊತ್ತು, ಮನೆ ಬಾಗಿಲಿಗೆ ತಂದುಕೊಂಡದ್ದು. ಹೆಂಡತಿ ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪುಸ್ತಕದಲ್ಲೇ, ಫ್ಯಾಟಿನ ಕಾಲಮ್ಮಿನ ಪಕ್ಕ ಎಲ್ಲವನ್ನೂ ಬರೆದುಕೊಂಡಳು. ಅವಳು ನಗಲಿಲ್ಲ. ದರಗಿನ ರಾಶಿಯನ್ನು ಮನೆಯಿಂದ ದೂರ, ತೋಟದ ಆಚೆ ತುದಿಗೆ ಸಾಗಿಸಿದ ಮೇಲೆಯೇ ಅವತ್ತು ತಿಂಡಿ ಕೊಟ್ಟಳು.

ಮಾರನೆ ದಿನ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಅಂಗಳದ ತುದಿಯಲ್ಲಿ ಸುಮ್ಮನೆ ನಿಂತಿದ್ದಳು. ನಗಲು ಬಂದವಳೆಂದುಕೊಂಡು ನಾನೇ ಮೊದಲು ನಕ್ಕೆ. "ನಮ್ಮನೆ ಹಿಂದೂ ಒಂಚೂರು ಎಳದು ನೋಡ್ತೀರಾ ಒಡೇರೆ?" ಎಂದಳು.

ಅವಳ ಮನೆ ಅರಳಗೋಡಿನ ಕಡೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಆ ಪಂಚಾಯ್ತಿಯಲ್ಲಿ ಏನಾಯಿತೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಂಗ ಸತ್ತ ವಾಸನೆ, ಮನೆಮನೆಯ ಜ್ವರ, ಸಾಗರಕ್ಕೂ ಮಣಿಪಾಲಕ್ಕೂ ಓಡಿದ ಆಂಬುಲೆನ್ಸು, ಒಂದಾದ ಮೇಲೊಂದು ಸಾವು. ಅವಳ ಗಂಡನೂ ಹಾಗೇ ಹೋದವನು. ಹೆಬ್ಬಾಳದಲ್ಲಿ ತಯಾರಾಗಿ ಬರುತ್ತಿದ್ದ ಲಸಿಕೆ ತೋಳು ಊದಿಸುತ್ತಿತ್ತು, ಒಂದು ಹಾಕಿಸಿಕೊಂಡವರು ಎರಡನೆಯದಕ್ಕೆ ತಲೆಮರೆಸಿಕೊಳ್ಳುತ್ತಿದ್ದರು. ಅದರ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು, ಹೊಸದು ಇನ್ನೂ ನಮ್ಮ ತೋಳಿಗೆ ಬಂದಿಲ್ಲ. ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಹೆಸರು ಗೊತ್ತಿರುವ ಕಾಯಿಲೆಗೆ ಇವತ್ತಿಗೂ ನಮ್ಮ ಕೈಯಲ್ಲಿರುವುದು ಒಂದು ಬಾಟಲಿ ಎಣ್ಣೆ, ಬಿಸಿನೀರು, ಸೋಪು. ಇದನ್ನು ಬರೆಯುವಾಗ ನನಗೆ ಹಾಸ್ಯ ಹೊಳೆಯುವುದಿಲ್ಲ, ಸಿಟ್ಟು ಬರುತ್ತದೆ.

ಹೋದೆ. ಪಂಚೆಯನ್ನು ಅವಳ ಮನೆಯ ಹಿಂದೆ, ಸೌದೆ ಒಟ್ಟಿದ ಕಡೆ, ಬಚ್ಚಲ ದಾರಿಯಲ್ಲಿ ಎಳೆದೆ. ಅವಳು ಪಕ್ಕದಲ್ಲೇ ನಡೆದಳು. ಸಿಕ್ಕಿದ್ದನ್ನು ಬಾಟಲಿಗೆ ಹಾಕಿ ತೋರಿಸಿದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟೇ ಇಷ್ಟು ಇದ್ದಲ್ರೀ ಇದು" ಎಂದಳು. ನನಗೆ ಹೇಳಲು ಏನೂ ಇರಲಿಲ್ಲ.

ಅಲ್ಲಿಂದ ಮುಂದೆ ನನ್ನ ಪಂಚೆಗೆ ಬೇಡಿಕೆ ಬಂತು. ಯಾರ ಹಿತ್ತಿಲಲ್ಲಿ ಹೆಚ್ಚು ಎಂಬುದು ಪ್ರತಿಷ್ಠೆಯ ಪ್ರಶ್ನೆಯಾಯಿತು. ಕಡಿಮೆ ಸಿಕ್ಕ ಆಚೆಮನೆಯವರು ನಾನು ಸರಿಯಾಗಿ ಎಳೆಯಲಿಲ್ಲವೆಂದು ದೂರಿದರು. ಲೆಕ್ಕ ಹೇಳಿದ ಮೇಲೆ ದರಗಿನ ರಾಶಿ ಅಂಗಳದಿಂದ ಆಚೆ ಹೋದ ಮನೆಗಳೂ ಇವೆ. "ಅಜ್ಜನ ಕಾಲದಿಂದ ಅಲ್ಲೇ ಒಟ್ಟಿದ್ದು" ಎಂದು ಕದಲದ ಮನೆಗಳೂ ಇವೆ. ಜರಿ ಅಂಚು ಕಿತ್ತುಹೋಗಿದೆ. ಮಾವನವರು ಕಳೆದ ಸಲ ಬಂದಾಗ ಹಗ್ಗದ ಮೇಲೆ ಒಣಹಾಕಿದ್ದನ್ನು ನೋಡಿ ಇದೆಲ್ಲೋ ನೋಡಿದ ಬಟ್ಟೆ ಎಂದರು. ಹೆಂಡತಿ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದಳು.

ಮೊನ್ನೆ ಬೆಂಗಳೂರಿನ ಭಾವ ಮತ್ತೆ ಫೋನು ಮಾಡಿದ್ದ. ಮಕ್ಕಳಿಗೆ ಜೋಗ ತೋರಿಸಬೇಕು, ನಿಮ್ಮಲ್ಲೇ ನಾಲ್ಕು ದಿನ ಇದ್ದು, ತೋಟ ಬೆಟ್ಟ ಎಲ್ಲ ತಿರುಗಬೇಕು, ಆದರೆ ಆ ನಿಮ್ಮ ಉಣುಗಿನದೇ ಹೆದರಿಕೆ ಎಂದ. ಜುಲೈ ಆಗಸ್ಟಿನಲ್ಲಿ ಬಾ, ಜೋಗವೂ ತುಂಬಿರುತ್ತದೆ, ಕಚ್ಚುವ ಆ ಎಳೆ ಉಣುಗಿನ ಕಾಟವೂ ಇರುವುದಿಲ್ಲ ಎಂದೆ. ಟಿಕೆಟ್ಟು ಮಾಡಿಸಿದ್ದಾನಂತೆ. ಉಂಬಳದ ವಿಷಯ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.