ಪೂಜ್ಯನ ಗ್ಯಾಪ್ ಇಯರ್

ಒಂದು ವರ್ಷ ಏನೂ ಮಾಡದೆ ಮನೆಯಲ್ಲಿ ಕೂತವರಿಗೆ ನಮ್ಮೂರು ಸವಡಿಯಲ್ಲಿ ಯಾವ ಕಾಲಕ್ಕೂ ಕೊರತೆ ಇರಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಕೈಕೊಟ್ಟವರು, ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿಯ ದಾರಿ ಕಾಯುವವರು, ಹಿಂಗಾರಿ ಮಳೆ ಬಾರದ ವರ್ಷ ಬಿರುಕುಬಿಟ್ಟ ಎರೆಹೊಲ ನೋಡುತ್ತ ಕೂತವರು, ಎಲ್ಲರಿಗೂ ಗುಡಿಯ ಕಟ್ಟೆಯ ಮೇಲೆ ಜಾಗವಿದೆ. "ಏನ್ ಮಾಡಾಕತ್ತೀಯಪಾ ಸದ್ಯಕ್ಕ?" ಎಂದು ಅವರನ್ನು ದಿನಕ್ಕೊಮ್ಮೆ ಕೇಳಿ ಚುಚ್ಚುವುದು ಊರಿನ ಉಳಿದವರ ಕರ್ತವ್ಯ. ಅದನ್ನೇ ಅಮೆರಿಕದ ಅಧ್ಯಕ್ಷರ ಮಗಳು ಮಾಡಿದರೆ ಪೇಪರಿನಲ್ಲಿ ಬರುತ್ತದೆ. ಒಬಾಮಾ ಅವರ ಹಿರಿಮಗಳು ಮಾಲಿಯಾ 2016ರಲ್ಲಿ ಹಾರ್ವರ್ಡ್ ಸೇರುವುದನ್ನು ಒಂದು ವರ್ಷ ಮುಂದೆ ಹಾಕಿದಾಗ ಜಗತ್ತೇ ತಲೆದೂಗಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವಂತೂ 2009ರಿಂದ ಹೊಸದಾಗಿ ಸೇರುವ ಕೆಲವು ಹುಡುಗರನ್ನು, ಪಾಠ ಶುರುವಾಗುವ ಮೊದಲೇ, ಒಂಬತ್ತು ತಿಂಗಳು ಪರದೇಶಕ್ಕೆ ಸೇವೆ ಮಾಡಲು ಕಳಿಸುತ್ತದೆ. ನಮ್ಮ ವಾರಾಣಸಿಗೂ ಬಂದು ಹೋಗಿದ್ದಾರೆ. ಅದಕ್ಕೆ ಗ್ಯಾಪ್ ಇಯರ್ ಅನ್ನುತ್ತಾರಂತೆ.

ಇದನ್ನೆಲ್ಲ ನನಗೆ ಹೇಳಿದವಳು ಕ್ಯಾಲಿಫೋರ್ನಿಯಾದಲ್ಲಿರುವ ಮೊಮ್ಮಗಳು. ಆಗ ನಾನು ಅವರ ಸೋಫಾದ ಮೇಲೆ ಕಾಲು ಮಡಚಿ ಕೂತು, ಪಿಂಚಣಿ ಕಾಗದ ಎಲ್ಲಿಗೆ ಬಂತು ಎಂದು ಊರಿಗೆ ಫೋನು ಮಾಡುತ್ತಿದ್ದೆ. "ಅಜ್ಜಾ, ನಿಂದೂ ಗ್ಯಾಪ್ ಇಯರ್. ನೀನು ವಾಲಂಟಿಯರ್ ಮಾಡಬೇಕು" ಅಂದಳು. ಅರವತ್ತು ತುಂಬಿ ನಿವೃತ್ತನಾದವನಿಗೆ ಮುಂದೆ ಸೇರಲು ಯಾವ ಹಾರ್ವರ್ಡ್ ಇದೆ ಎಂದು ನಾನು ಕೇಳಲಿಲ್ಲ. ಮಕ್ಕಳಿಗೆ ಕೆಲವು ಸಂಗತಿ ತಡವಾಗಿ ತಿಳಿದರೆ ಒಳ್ಳೆಯದು.

ಇಲ್ಲಿ ನನ್ನ ಇತಿಹಾಸ ಸ್ವಲ್ಪ ಹೇಳಬೇಕು. ನಮ್ಮ ರೋಣ ತಾಲೂಕು ಮಾತುಗಾರರ ಸೀಮೆ. ಕರ್ನಾಟಕ ಏಕೀಕರಣಕ್ಕೆ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರು ಇದೇ ತಾಲೂಕಿನ ಜಕ್ಕಲಿಯವರು. ಇಂಥ ನೆಲದಲ್ಲಿ 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬದ ದಿನ, ಹತ್ತು ವರ್ಷದ ನನ್ನನ್ನು ಭಾಷಣಕ್ಕೆ ನಿಲ್ಲಿಸಿದರು. ಮಾಸ್ತರರು ಬರೆದುಕೊಟ್ಟದ್ದನ್ನು ಎಮ್ಮೆ ಮೇಯಿಸುತ್ತ, ಜಳಕ ಮಾಡುತ್ತ, ಉಣ್ಣುತ್ತ ಬಾಯಿಪಾಠ ಮಾಡಿದ್ದೆ. ಮೈಕಿನ ಮುಂದೆ ನಿಂತು "ಪೂಜ್ಯ" ಅಂದೆ. ಮುಂದೆ "ಗುರುಗಳೇ" ಬರಬೇಕಿತ್ತು, ಬರಲಿಲ್ಲ. ಮತ್ತೆ "ಪೂಜ್ಯ" ಅಂದೆ. ಮೂರನೇ ಸಲ ಅಂದಾಗ ಹಿಂದೆ ಕೂತ ಯಾರೋ "ಪೂಜ್ಯರು ಇನ್ನೂ ಬಂದಿಲ್ಲೋ, ತಡಿ" ಎಂದು ಕೂಗಿದರು. ನಾನು ವೇದಿಕೆಯ ಹಿಂದಿನಿಂದ ಇಳಿದು ನೆಟ್ಟಗೆ ಮನೆಗೆ ಹೋದೆ. ಹಂಚಬೇಕಿದ್ದ ಪೇಪರಮೆಂಟನ್ನೂ ತಗೊಳ್ಳಲಿಲ್ಲ.

ಅಂದಿನಿಂದ ನಾನು ಪೂಜ್ಯ. ರೇಷನ್ ಕಾರ್ಡಿನಲ್ಲಿ ಮಾತ್ರ ಬೇರೆ ಹೆಸರಿದೆ. ಕನ್ಯೆ ನೋಡಲು ಹೋದಾಗ ನಮ್ಮೂರಿನ ಹಿರಿಯರೊಬ್ಬರು ಬಾಯಿತಪ್ಪಿ "ನಮ್ಮ ಪೂಜ್ಯ ಭಾಳ ಸಾದಾ ಮನಶ್ಯಾ" ಅಂದುಬಿಟ್ಟರು. ಹುಡುಗಿಯ ಸೋದರಮಾವ ಗಾಬರಿಯಾಗಿ, "ಹುಡುಗ ಮಠಕ್ಕ ಹೋಗಾಂವ ಇದ್ದನೇನ್ರಿ?" ಎಂದು ವಿಚಾರಿಸಿದ. ನೌಕರಿಯಲ್ಲೂ ದೇವರು ನನ್ನ ಮೇಲೆ ಕರುಣೆ ಇಟ್ಟು ಆವಕ-ಜಾವಕ ವಿಭಾಗ ಕೊಡಿಸಿದ. ಅಲ್ಲಿ ಮಾತು ಬೇಕಿಲ್ಲ, ಠಸ್ಸೆ ಸಾಕು. ಬಂದ ಟಪಾಲಿಗೆ ಒಂದು ಠಸ್ಸೆ, ಹೋಗುವ ಟಪಾಲಿಗೆ ಇನ್ನೊಂದು. ಬೀಳ್ಕೊಡುವ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಎರಡು ಮಾತು ಆಡ್ರಿ ಸಾಹೇಬ್ರ" ಅಂದರು. "ಎಲ್ಲರಿಗೂ ನಮಸ್ಕಾರ" ಅಂದೆ. ಲೆಕ್ಕಕ್ಕೆ ಸರಿಯಾಗಿ ಎರಡು.

ಮಗ ಟಿಕೆಟ್ ಕಳಿಸಿದಾಗ ಊರಿನಲ್ಲಿ ನನಗಿಂತ ಹೆಚ್ಚು ತಯಾರಿ ನಡೆಯಿತು. ನಮ್ಮ ಕಡೆಯವರಿಗೆ ದುಡಿಯಲು ಹೋಗುವ ಪರದೇಶವೆಂದರೆ ಗೋವಾ. 1961ರ ತನಕ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಅದು ಖರೇನೇ ಪರದೇಶವಾಗಿತ್ತು ಅನ್ನಿ. ಅಮೆರಿಕ ಅಂದಕೂಡಲೇ ಎಲ್ಲರೂ ಸಲಹೆ ಕೊಟ್ಟರು. ಖಡಕ್ ರೊಟ್ಟಿ ಎಷ್ಟು ದಿನ ಬಾಳುತ್ತದೆ, ಶೇಂಗಾ ಚಟ್ನಿಪುಡಿಯನ್ನು ಕಸ್ಟಮ್ಸಿನವರು ಮೂಸಿ ನೋಡುತ್ತಾರೋ ಇಲ್ಲವೋ ಎಂಬ ಚರ್ಚೆ ಅಮಾವಾಸ್ಯೆಯಿಂದ ಹುಣ್ಣಿಮೆ ತನಕ ನಡೆಯಿತು. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಏರ್ ಇಂಡಿಯಾ ನೇರ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ. ಆ ಮೊದಲ ಹಾರಾಟವನ್ನು ನಡೆಸಿದವರು ಮಹಿಳಾ ಪೈಲಟ್‌ಗಳೇ, ಉತ್ತರ ಧ್ರುವದ ಮೇಲಿಂದ. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿ ವಿಮಾನದಲ್ಲಿ ಒಂದು ಕ್ಷಣವೂ ಹೆದರಲಿಲ್ಲ. ಹೆದರಿದ್ದು ಪೂಜ್ಯರು.

ಮೊಮ್ಮಗಳು ನನ್ನನ್ನು ವಾಲಂಟಿಯರ್ ಮಾಡಲು ಒಯ್ದದ್ದು ತಾನು ಹೋಗುತ್ತಿದ್ದ ಭಾನುವಾರದ ಕನ್ನಡ ಶಾಲೆಗೆ. ಆ ಸೀಮೆಯಲ್ಲಿ ಕನ್ನಡದವರು ಇಂದು ನಿನ್ನೆಯವರಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ, ಅಂದರೆ ನಾನು ವೇದಿಕೆ ಇಳಿದು ಓಡಿದ ಮರುವರ್ಷ. 2014ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ನಡೆದದ್ದೂ ಅಲ್ಲೇ, ಸ್ಯಾನ್ ಹೊಸೆಯಲ್ಲಿ. ಶಾಲೆ ನಡೆಸುವವರು ವಾರವಿಡೀ ಕಂಪ್ಯೂಟರ್ ಕುಟ್ಟಿ, ಭಾನುವಾರ ಸ್ವಂತ ಕಾರಿನಲ್ಲಿ ಬಿಳಿಹಲಗೆ ಹೊತ್ತು ತರುವ ತಂದೆತಾಯಿಗಳು. ಯಾರಿಗೂ ಪಗಾರವಿಲ್ಲ. ನಮ್ಮ ಮೊಮ್ಮಗಳ ತರಗತಿಯ ಟೀಚರು ಶಿವಮೊಗ್ಗದ ಕಡೆಯವರು. "ನೀವು ಸುಮ್ನೆ ಹಾಜರಿ ತಗೊಳ್ಳಿ ಸಾರ್, ಸಾಕು" ಅಂದರು. ಹಾಜರಿ ಅಂದರೆ ಆವಕ-ಜಾವಕವೇ ಎಂದು ಒಪ್ಪಿಕೊಂಡೆ.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಜೊತೆ ನಿಯಮಿತವಾಗಿ ಕೆಲಸ ಮಾಡುವ ಸ್ವಯಂಸೇವಕರ ಬೆರಳಚ್ಚು ತೆಗೆದು ಹಿನ್ನೆಲೆ ಪರಿಶೀಲಿಸುವ ಕಾಯ್ದೆ 2022ರಿಂದ ಇದೆ. ತಿಂಗಳಿಗೆ ನಾಲ್ಕಾರು ತಾಸು ಬಂದು ಕೂರುವ ನನ್ನಂಥವನಿಗೆ ಅದು ತಾಗಲಿಲ್ಲ, ಒಳ್ಳೆಯದಾಯಿತು. ನನ್ನ ಹಿನ್ನೆಲೆ ತಿಳಿಯಬೇಕಾದರೆ ಸವಡಿಗೆ ಬರಬೇಕು. ಬಂದವರಿಗೆ ಬಸ್ಸಿನಿಂದ ಇಳಿಯುವ ಮೊದಲೇ ಪೂಜ್ಯನ ಕಥೆ ಸಿಗುತ್ತದೆ.

ಹಳದಿ-ಕೆಂಪು ಟೀ ಶರ್ಟು ಕೊಟ್ಟರು. ಧೋತರದ ಮೇಲೆ ಅದನ್ನು ಹಾಕಿಕೊಂಡು ಹೋದೆ. ಮೂರನೆಯದೋ ನಾಲ್ಕನೆಯದೋ ಭಾನುವಾರ ಟೀಚರಿಗೆ ಆಫೀಸಿನಿಂದ ಫೋನು ಬಂತು. "ಒಂದೈದು ನಿಮಿಷ ಒಂದು ಕಥೆ ಹೇಳಿ ಸಾರ್" ಎಂದು ಬಾಗಿಲ ಹತ್ತಿರ ಹೋಗಿ ನಿಂತರು. ಎದುರಿಗೆ ಏಳೆಂಟು ವರ್ಷದ ಮಕ್ಕಳ ಹಿಂಡು. ನನ್ನ ಕಾಲು 1972ಕ್ಕೆ ಹೋಯಿತು, ಬಾಯಿ ಇಲ್ಲೇ ಉಳಿಯಿತು. ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಯಿತು ಅನ್ನುವಷ್ಟರಲ್ಲಿ ಒಬ್ಬ ಕೈ ಎತ್ತಿ, "ಇನ್ಶೂರೆನ್ಸ್ ಇರಲಿಲ್ವಾ?" ಅಂದ. ಇನ್ನೊಬ್ಬಳು, ಅವರಪ್ಪ ಮನೆ ಮಾರುವ ವ್ಯವಹಾರದವನಿರಬೇಕು, ಗುಬ್ಬಕ್ಕನ ಮನೆಗೆ ಎಷ್ಟು ಬೆಡ್‌ರೂಮ್ ಎಂದು ಕೇಳಿದಳು. ಈ ಪ್ರಶ್ನೆಗಳ ನಡುವೆ ನನಗೆ ಕಥೆಯೇ ಕೈತಪ್ಪಿತು. ಗುಬ್ಬಕ್ಕ ಬಾಗಿಲು ತೆಗೆದಳೋ ಇಲ್ಲವೋ, ನೆನಪಾಗಲೊಲ್ಲದು. ಸುಮ್ಮನೆ ನಿಂತೆ. ಹಿಂದಿನಿಂದ ಕೂಗು ಬರಲಿ ಎಂದು ಕಾದೆ.

ಮುಂದಿನ ಸಾಲಿನ ಒಂದು ಹುಡುಗಿ, ಎರಡು ಹಲ್ಲು ಬಿದ್ದಾಕೆ, "ಪರವಾಗಿಲ್ಲ ತಾತ, ನಿಧಾನ ತಗೊಳ್ಳಿ" ಅಂದಳು.

ಅಷ್ಟೇ. ಉಳಿದವರೂ ನಿಧಾನ ತಗೊಂಡರು. ಒಬ್ಬ ಶೂ ಲೇಸು ಕಟ್ಟಿಕೊಂಡ, ಇನ್ನೊಬ್ಬ ನೀರು ಕುಡಿದ. ಕಥೆ ತಾನಾಗಿ ತಿರುಗಿ ಬಂತು. ಮುಗಿದ ಮೇಲೆ ಚಪ್ಪಾಳೆ, "ಗುಡ್ ಜಾಬ್ ತಾತ!"

ಈ ಗುಡ್ ಜಾಬ್ ನನ್ನನ್ನು ಕೆಡಿಸಿತು. ಅಲ್ಲಿ ಎಲ್ಲದಕ್ಕೂ ಗುಡ್ ಜಾಬ್ ಅನ್ನುತ್ತಾರೆ. ಹಾಜರಿ ಪುಸ್ತಕ ಮುಚ್ಚಿದರೆ ಗುಡ್ ಜಾಬ್, ಕುರ್ಚಿ ಸರಿಸಿದರೆ ಗುಡ್ ಜಾಬ್. ಒಮ್ಮೆ ಸೀನಿದಾಗಲೂ ಯಾರೋ ಅಂದಂತಾಯಿತು. ಸವಡಿಯಲ್ಲಿ ಅರವತ್ತು ವರ್ಷ ಬದುಕಿ ನಾನು ಗಳಿಸಿದ ಅತಿ ದೊಡ್ಡ ಹೊಗಳಿಕೆ "ಅಡ್ಡಿ ಇಲ್ಲ". ಅದೂ ನನಗಲ್ಲ, ನಮ್ಮ ಹೊಲದ ಕಡಲೆಗೆ. ಹೊಗಳಿದರೆ ದೃಷ್ಟಿಯಾಗುತ್ತದೆ, ಇಲ್ಲವೇ ಸಾಲ ಕೇಳುತ್ತಾನೆ ಎಂಬ ಭಯದಲ್ಲಿ ನಮ್ಮವರು ಬಾಯಿ ಬಿಗಿಹಿಡಿಯುತ್ತಾರೆ. ಅಗ್ಗದ ಹೊಗಳಿಕೆಯಿಂದ ಮಕ್ಕಳು ಹಾಳಾಗುತ್ತಾರೆ ಎಂದು ಅಲ್ಲಿಯ ತಿಳಿದವರೂ ಹೇಳುತ್ತಾರೆ. ಇರಬಹುದು. ಆದರೆ ಮುದುಕರ ಮಟ್ಟಿಗೆ ಅದು ಒಳ್ಳೆಯ ಔಷಧ, ಇದನ್ನು ನಾನು ಠಸ್ಸೆ ಒತ್ತಿ ಹೇಳಬಲ್ಲೆ.

ಆಮೇಲೆ ಹಾಜರಿ ಬಿಟ್ಟು ಪಾಠಕ್ಕೇ ಇಳಿದೆ. ನನ್ನ ಗದಗ ಸೀಮೆಯ ಮಾತು ಅವರಿಗೆ ಬಲು ಮೋಜು. ತಿಂಗಳೊಪ್ಪತ್ತಿನಲ್ಲಿ ಬೆಂಗಳೂರು, ಮೈಸೂರು, ಮಂಗಳೂರಿನ ಮಕ್ಕಳೆಲ್ಲ "ಹೌದ್ರಿ", "ಬ್ಯಾಡ್ರಿ" ಅನ್ನತೊಡಗಿದವು. ಮೈಸೂರು ಕಡೆಯ ತಾಯಿಯೊಬ್ಬರು ಬಂದು, ಮಗ ಮನೆಯಲ್ಲಿ "ಅವ್ವಾ, ಹಸಿವ್ಯಾಗೇತಿ" ಎಂದು ಚೀರುತ್ತಾನೆ, ಅತ್ತೆಯವರು ಫೋನಿನಲ್ಲಿ ಕೇಳಿ ಯಾರ ಮಗು ಅದು ಅನ್ನುತ್ತಾರೆ ಎಂದು ನಕ್ಕರು. ನನಗಂತೂ ಎದೆ ಉಬ್ಬಿತು.

2023ರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಜೂನ್ 18, ಭಾನುವಾರ ಬಂತು. ನಮ್ಮ ಎರೆಮಣ್ಣು ಇದ್ದಿದ್ದರೆ! ಕೈಗೆ ಅಂಟಿದರೆ ಬಿಡದ, ಎತ್ತಿನ ಕೋಡು ಎಳೆದಷ್ಟು ಉದ್ದ ಬರುವ ಮಣ್ಣು. ಅಲ್ಲಿ ಸಿಕ್ಕಿದ್ದು ಡಬ್ಬಿಯಲ್ಲಿ ಬರುವ ಬಣ್ಣದ ಹಿಟ್ಟಿನಂಥ ಪ್ಲೇ-ಡೋ. ನೇರಳೆ ಎತ್ತು, ಹಸಿರು ಎತ್ತು, ಒಂದಕ್ಕೆ ಚಕ್ರ. "ಇದು ಎಲೆಕ್ಟ್ರಿಕ್ ಎತ್ತು ತಾತ." ಎತ್ತಿನ ಹೆಗಲ ಮೇಲಿನ ಇಣಿ ಎಂದರೆ ಏನು, ಮೇವು ಹಾಕುವ ಗ್ವಾದಲಿ ಯಾಕೆ ಮುಂದೆ ಇರಬೇಕು, ಎತ್ತುಗಳು ಯಾಕೆ ಜೋಡಿಯಾಗಿಯೇ ಇರಬೇಕು ಎಂದು ನಾನು ಹೇಳುತ್ತಲೇ ಹೋದೆ. ಹೇಳುವಾಗ ಟೀಚರು ಬಂದು ಹಿಂದೆ ಕೂತದ್ದೂ, ಕರೆದುಕೊಂಡು ಹೋಗಲು ಬಂದ ಅಪ್ಪಂದಿರು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ. ಅಂದು ಅಲ್ಲಿ ಅಪ್ಪಂದಿರ ದಿನ ಬೇರೆ. ಮಕ್ಕಳು ಓಡಿಹೋಗಿ ತಮ್ಮ ತಮ್ಮ ಅಪ್ಪಂದಿರ ಕೈಗೆ ಎತ್ತು ಕೊಟ್ಟು "ಹ್ಯಾಪಿ ಫಾದರ್ಸ್ ಡೇ" ಅಂದವು. ಸಾಲ, ವೀಸಾ, ಆಫೀಸು ಎಂದು ನೊಗ ಹೊತ್ತವರಿಗೆ ಉಡುಗೊರೆ ಸರಿಯಾಗಿಯೇ ಇತ್ತು.

ಊರಿಗೆ ಮರಳಿದ ಮೇಲೆ ಅಣ್ಣನ ಮಗ ಕೇಳಿದ: "ಕಾಕಾ, ಅಲ್ಲೀತನಾ ಹೋಗಿ ಪುಗಸಟ್ಟೆ ಕಲಿಸಿ ಬಂದ್ರಿ. ನಮ್ಮೂರ ಹುಡುಗ್ರು ಹುಡುಗ್ರಲ್ಲೇನು?" ನ್ಯಾಯದ ಮಾತು. ಪರದೇಶದಲ್ಲಿ ಸೇವೆ ಮಾಡುವ ಗ್ಯಾಪ್ ಇಯರಿನ ಹುಡುಗರನ್ನೂ ಜನ ಇದೇ ಕೇಳುತ್ತಾರೆ. ನಾನು ಅವನಿಗೆ ಹೇಳಿದ್ದು ಇಷ್ಟು: ಸವಡಿಯ ಕೂಸಿಗೂ ನಾನು ಪೂಜ್ಯ ಅಂತ ಗೊತ್ತು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐವತ್ತು ವರ್ಷ ಊರು ನೆನಪಿಟ್ಟುಕೊಂಡದ್ದನ್ನು ನಾನೊಬ್ಬ ಮರೆಯಬೇಕಾದರೆ ಅಷ್ಟು ದೂರ ಹೋಗಲೇಬೇಕಿತ್ತಪ್ಪ. ಅವನು ತಲೆ ಕೆರೆದುಕೊಂಡು, "ಹುಬ್ಬಳ್ಳಿಗೆ ಹೋಗಿದ್ರ ಆಗ್ತಿದ್ದಿಲ್ಲ?" ಅಂದ. ಹುಬ್ಬಳ್ಳಿಯಲ್ಲಿ ನಮ್ಮೂರವರು ಬಹಳ ಮಂದಿ ಇದ್ದಾರೆ.

ಆದರೂ ಅವನ ಮಾತು ಚುಚ್ಚಿತು. ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರಲ್ಲ, ಅಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂಡಿಸಿ ಕಥೆ ಹೇಳತೊಡಗಿದೆ. ಕ್ಯಾಲಿಫೋರ್ನಿಯಾ ಬಲು ಸಸಾರವಿತ್ತು ಎಂದು ಮೊದಲ ದಿನವೇ ತಿಳಿಯಿತು. ನಮ್ಮ ಹುಡುಗರು ಚಪ್ಪಾಳೆ ತಟ್ಟುವುದಿಲ್ಲ. ಕಥೆ ಶುರುವಾಗುವ ಮೊದಲೇ ಒಬ್ಬ, "ಅಜ್ಜಾರ, ಅಮೆರಿಕಾದಾಗ ಪಗಾರ ಎಷ್ಟು ಕೊಟ್ರು?" ಅಂದ. ಏನೂ ಇಲ್ಲ ಅಂದಾಗ ಅವರ ಕಣ್ಣಲ್ಲಿ ನನ್ನ ಬೆಲೆ ಇಳಿದದ್ದು ಕಾಣಿಸಿತು. ಇನ್ನೊಬ್ಬ ಅಡ್ಡಬಾಯಿ ಹಾಕಿದ: "ನಮ್ಮಜ್ಜ ಅಂದಾ, ನೀವು ಭಾಷಣ ಮಾಡಾಕ ನಿಂತು ಓಡಿ ಹೋಗಿದ್ರಂತ. ಅದನ್ನ ಹೇಳ್ರಿ."

ಹೇಳಿದೆ. ಮೈಕು, ಮಾಸ್ತರರು, ಮೂರು ಸಲ ಪೂಜ್ಯ, ಹಿಂದಿನ ಕೂಗು, ಉಳಿದುಹೋದ ಪೇಪರಮೆಂಟು, ಎಲ್ಲ. ಅಷ್ಟು ಚೆನ್ನಾಗಿ ನಾನು ಕಾಗಕ್ಕನ ಕಥೆಯನ್ನೂ ಹೇಳಿರಲಿಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು. ಮುಂದಿನ ಶನಿವಾರ ಅದನ್ನೇ ಬೇಡಿದರು. ಆ ಕಥೆಯಲ್ಲಿ ಈಗ ಒಂದು ಎಮ್ಮೆಯೂ ಒಬ್ಬ ಪೊಲೀಸನೂ ಬರುತ್ತಾರೆ.

ಕಲಿತ ಧೈರ್ಯಕ್ಕೆ ಲಗಾಮು ಹಾಕುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಗಣಪತಿ ಪೆಂಡಾಲು, ಸಂಘದ ವಾರ್ಷಿಕ ಸಭೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಮೈಕು ಕಂಡರೂ ನನ್ನ ಕೈ ತಾನಾಗಿ ಚಾಚುತ್ತದೆ. ಹೆಂಡತಿ ಹೆಂಗಸರ ಸಾಲಿನಿಂದ ಕೆಮ್ಮುವುದು ನಮ್ಮಿಬ್ಬರ ನಡುವಿನ ಕರಾರು. ಒಮ್ಮೆ ಕೆಮ್ಮಿದರೆ ಮುಗಿಸು ಅಂತ, ಎರಡು ಸಲ ಕೆಮ್ಮಿದರೆ ಮನೆಯಲ್ಲಿ ಊಟವಿಲ್ಲ ಅಂತ. ಮೊನ್ನೆ ನಮ್ಮ ಓಣಿಯ ಮದುವೆಯಲ್ಲಿ ಹೊಸ ಜೋಡಿಗೆ ಹರಸಲು ಹೋಗಿ ಸ್ಯಾನ್ ಹೊಸೆಯ ತನಕ ಮುಟ್ಟಿದ್ದೆ. ಅವಳು ಕೆಮ್ಮಿ ಕೆಮ್ಮಿ ಪಕ್ಕದವರು ನೀರು ತಂದುಕೊಟ್ಟರು. ಕಡೆಗೆ ಮೈಕ್ ಸೆಟ್ಟಿನ ಹುಡುಗ ವೇದಿಕೆ ಹತ್ತಿ ಬಂದು ವಾಯರು ಸುತ್ತತೊಡಗಿದ. "ಗುಡ್ ಜಾಬ್ ಅಜ್ಜಾರ," ಅಂದ, ನನ್ನಿಂದಲೇ ಕಲಿತಿರಬೇಕು, "ನರೇಗಲ್ಲದಾಗ ಇನ್ನೊಂದ್ ಮದುವಿ ಐತ್ರಿ, ಸೆಟ್ಟು ಒಯ್ಯಬೇಕು."